ಶ್ರಾವಣ ಸೋಮವಾರದ ಬುತ್ತಿ

ನಮ್ಮ ಶಾಲೆಯ ಖೋಖೋ ಹುಡುಗಿಯರು ಶ್ರಾವಣ ಸೋಮವಾರದ ಒಪ್ಪತ್ತು ಹಿಡಿದುಕೊಂಡೇ ಆಡಿದರು, ಅದು ಅವರ ಭಕ್ತಿ, ಅದು ನಮ್ಮ ಶಿಸ್ತು ಎಂದು ಪಿ.ಟಿ. ಮಾಸ್ತರರು ಬೆಳಗಿನ ಪ್ರಾರ್ಥನೆಯಲ್ಲಿ ಭಾಷಣ ಮಾಡಿದರಂತೆ. ಮಗಳು ಶಾಲೆಯಿಂದ ಬಂದವಳು ಚೀಲ ಇಳಿಸುವ ಮೊದಲೇ ಇದನ್ನು ಹೇಳಿದಳು. ನಾನು ರೊಟ್ಟಿ ಬಡಿಯುತ್ತಿದ್ದೆ. ಕೈ ನಿಲ್ಲಿಸಲಿಲ್ಲ. ಆದರೆ ಆ ಒಂದು ರೊಟ್ಟಿ ಮಾತ್ರ ಉಳಿದವಕ್ಕಿಂತ ಬಹಳ ತೆಳ್ಳಗಾಯಿತು.

ಮಕ್ಕಳ ಊಟದ ದುಡ್ಡು ಉಳಿಸಿಕೊಂಡ ಮನುಷ್ಯ ಅದೇ ಮಕ್ಕಳ ಭಕ್ತಿಯ ಮೇಲೆ ಭಾಷಣ ಮಾಡುತ್ತಾನೆ. ನಾಚಿಕೆ ಎನ್ನುವುದು ಅಂಗಡಿಯಲ್ಲಿ ಸಿಗುವಂತಿದ್ದರೆ ನಾನೇ ಪಾವು ಕಿಲೋ ಕಟ್ಟಿಸಿ ಕಳಿಸುತ್ತಿದ್ದೆ. ಸಿಗುವುದಿಲ್ಲವಾದ್ದರಿಂದ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಾವಿರುವುದು ಚಿತ್ತಾಪುರದಲ್ಲಿ. ಮಗಳು ಅಲ್ಲಿನ ಹೈಸ್ಕೂಲಿನ ಖೋಖೋ ತಂಡದಲ್ಲಿದ್ದಾಳೆ, ಇದ್ದಾಳೆ ಎನ್ನುವುದಕ್ಕಿಂತ ತಂಡದ ಬೆಂಚಿನ ಮೇಲೆ ಕೂತಿರುತ್ತಾಳೆ. ಈ ಸಲ ಜಿಲ್ಲಾ ಮಟ್ಟದ ಆಟ ಚಿಂಚೋಳಿಯಲ್ಲಿ. ರಾತ್ರಿ ಅಲ್ಲೇ ಉಳಿಯಬೇಕು. ಹುಡುಗಿಯರ ತಂಡದ ಜೊತೆ ಒಬ್ಬ ಹೆಣ್ಣುಮಗಳು ಇರಲೇಬೇಕು ಎಂದು ನಿಯಮ. ಶಾಲೆಯ ಟೀಚರಮ್ಮ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಹೆಡ್‌ಮಾಸ್ತರರು ನನ್ನನ್ನು ಕರೆಸಿ ನೀವು ಬರುತ್ತೀರಾ ಎಂದು ಕೇಳಿದರು. ಮನೆಯವರನ್ನು ಕೇಳಿದೆ.

"ಹೋಗಿ ಬಾ. ಹೆಂಗೂ ಮನ್ಯಾಗ ನನಗ ಸೀಟಿ ಊದತಿ, ಅಲ್ಲಿ ಹುಡುಗ್ಯಾರಿಗೆ ಊದು" ಎಂದರು.

ಸೀಟಿ ಊದಲು ಅಲ್ಲಿ ಬೇರೆಯವರಿದ್ದರು. ಆ ಪಿ.ಟಿ. ಮಾಸ್ತರರ ಕೊರಳಲ್ಲಿ ಸೀಟಿ ಯಾವಾಗಲೂ ಇರುತ್ತದೆ. ಮಾತಾಡುವುದಕ್ಕಿಂತ ಊದುವುದೇ ಹೆಚ್ಚು. ಹೊರಡುವ ಮೊದಲು ತಾಯಂದಿರನ್ನೆಲ್ಲ ಶಾಲೆಗೆ ಕರೆಸಿ, ಊಟಕ್ಕಿಷ್ಟು ಬಸ್ಸಿಗಿಷ್ಟು ಎಂದು ದುಡ್ಡು ಕೂಡಿಸಿದರು. ಒಬ್ಬ ತಾಯಿ ಬುರ್ಖಾ ಸರಿಮಾಡಿಕೊಳ್ಳುತ್ತ ಕೇಳಿದಳು.

"ಸರ, ಹೆಣ್ಣಮಕ್ಕಳಿಗೆ ಸರ್ಕಾರಿ ಬಸ್ ಪುಕ್ಕಟ ಅದಲ್ರೀ?"

"ನಾವು ಸ್ಪೆಷಲ್ ಗಾಡಿ ಮಾಡ್ಲಿಕತ್ತೀವಿ ಬಾಯಿ. ಮಕ್ಕಳ ಸೇಫ್ಟಿ ಮುಖ್ಯ" ಎಂದರು ಮಾಸ್ತರರು. ಮೇಲೆ ಇನ್ನೊಂದು ಹುಕುಂ. "ಯಾರೂ ಬುತ್ತಿ ಗಿತ್ತಿ ಕಟ್ಟಿ ಕಳಸಬ್ಯಾಡ್ರಿ. ಬ್ಯಾರೆ ತಾಲೂಕಿನೋರು ನೋಡಿ ನಗ್ತಾರ. ನಾ ಹೊಟೇಲ್ ಮಾತಾಡೀನಿ. ಡೀಸೆಂಟ್ ಇರಬೇಕು."

ಬುತ್ತಿ ಇಲ್ಲದೆ ಊರು ಬಿಡುವುದು ನಮ್ಮ ಕಡೆ ಡೀಸೆಂಟಲ್ಲ, ಅಪಶಕುನ. ಮನೆಗೆ ಬಂದು ಎರಡು ದಿನ ಮೊದಲೇ ಕಡಕ್ ರೊಟ್ಟಿ ಮಾಡಿ ಒಣಗಿಸಿಟ್ಟೆ. ಹುರಿದ ಶೇಂಗಾ, ಖಾರ ಹಾಕಿ ಹಿಂಡಿ ಎಂಬ ಚಟ್ನಿಪುಡಿ ಕುಟ್ಟಿದೆ. ಎರಡು ಕಟ್ಟು ರೊಟ್ಟಿ ಹಳೆಯ ಧೋತರದಲ್ಲಿ ಸುತ್ತಿ, ಹಾಸಿಗೆಯ ಸುರುಳಿಯೊಳಗೆ ಸೇರಿಸಿದೆ. ಮುರಿಯದೆ ಹೋದವಲ್ಲ, ಅದೂ ದೇವರ ದಯೆ.

ದುಡ್ಡು ಕೂಡಿಸಿದ ಆ ದಿನ ಶಾಲೆಯಲ್ಲೇ, ತಂಡದಲ್ಲಿದ್ದ ದಂಡೋತಿ ಊರಿನ ಹುಡುಗಿಯ ತಾಯಿಯನ್ನು ಮೊದಲ ಸಲ ನೋಡಿದ್ದು. ಆ ಹುಡುಗಿ ದಿನಾ ದಂಡೋತಿಯಿಂದ ಬಸ್ಸಿನಲ್ಲಿ ಶಾಲೆಗೆ ಬರುತ್ತಾಳೆ. ಜೋಳದ ದಂಟಿನ ಹಾಗೆ ಉದ್ದಕ್ಕೆ, ಸಪೂರ. ಓಡಲು ಬಿಟ್ಟರೆ ಹಿಡಿಯುವವರಿಲ್ಲ. ತಾಯಿ ನನ್ನನ್ನು ಮರದ ಕೆಳಗೆ ಕರೆದು ಹೇಳಿದಳು.

"ಅಕ್ಕಾ, ಇಕಿ ಅಪ್ಪ ಈ ಸಲ ವಿಭಾಗದ ಟೀಮಿಗೆ ಆರಿಸಿದ್ರ ಆಡಲಿ, ಇಲ್ಲಂದ್ರ ಆಟ ಸಾಕು, ಮನ್ಯಾಗ ಕೂಡಲಿ ಅಂದಾನ. ಆರಿಸಿದ್ರ ಕ್ರೀಡಾ ಹಾಸ್ಟೆಲಿನಾಗ ಇಟ್ಟು ಓದಸ್ತಾರಂತ. ನಾ ಬೇಡಿಕೊಂಡೀನಿ. ಶ್ರಾವಣದ ಸೋಮವಾರ ಎಲ್ಲಾ ಇಕಿ ಕಡೆಯಿಂದ ಒಪ್ಪತ್ತು ಮಾಡಿಸ್ಲಿಕತ್ತೀನಿ. ಸಂಜೀ ಲಿಂಗಪೂಜಾ ಆಗೂತನ ಬರೇ ನೀರು. ಎರಡು ಸೋಮವಾರ ಆಗ್ಯಾವ. ನೀವು ಒಂದೀಟು ಲಕ್ಷ್ಯ ಇಡ್ರಿ."

ಇಡುತ್ತೇನೆ ಎಂದೆ. ಆಟ ಇರುವುದೇ ಸೋಮವಾರ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಹರಕೆ ಹೊತ್ತವಳ ಎದುರು ಅದನ್ನು ಯಾರು ಬಾಯಿಬಿಟ್ಟು ಹೇಳುತ್ತಾರೆ.

ರವಿವಾರ ಮಧ್ಯಾಹ್ನ ಹೊರಟೆವು. ಮಾಸ್ತರರ ಸ್ಪೆಷಲ್ ಗಾಡಿ ಎಂದರೆ ಸೇಡಂಗೆ ಹೋಗುವ ಸರ್ಕಾರಿ ಕೆಂಪು ಬಸ್ಸು. ಕಂಡಕ್ಟರ್ ಬಂದು ಆಧಾರ್ ಕಾರ್ಡ್ ತೋರಿಸಿ ಎಂದ. ಮಾಸ್ತರರನ್ನು ಬಿಟ್ಟು ಎಲ್ಲರ ಕೈಗೂ ಸೊನ್ನೆ ರೂಪಾಯಿಯ ಟಿಕೆಟ್ ಬಂತು. ಬುರ್ಖಾದ ತಾಯಿಯ ಮಗಳು ಟಿಕೆಟನ್ನು ಬೆಳಕಿಗೆ ಹಿಡಿದು ನೋಡಿದಳು.

"ಸರ, ಇದು ಸ್ಪೆಷಲ್ ಟಿಕೆಟ್ ಏನ್ರಿ?"

ಮಾಸ್ತರರು ಸೀಟಿ ಊದಿದರು. ಬಸ್ಸಿನೊಳಗೆ. ಡ್ರೈವರ್ ಗಾಬರಿಯಾಗಿ ಬ್ರೇಕ್ ಹಾಕಿ, ತಿರುಗಿ ನೋಡಿ ಬೈದ. ಸೇಡಂ ಬರುವ ತನಕ ಹುಡುಗಿಯರು ಮುಖ ಮುಚ್ಚಿಕೊಂಡು ನಕ್ಕರು. ಸೇಡಂನಲ್ಲಿ ಇಳಿದು ಚಿಂಚೋಳಿಯ ಬಸ್ಸು ಹಿಡಿದೆವು. ಅದರಲ್ಲೂ ಸೊನ್ನೆಯೇ.

ಚಿಂಚೋಳಿಯಲ್ಲಿ ನಮಗೆ ಒಂದು ಶಾಲೆಯ ಕೋಣೆ ಕೊಟ್ಟಿದ್ದರು. ಫ್ಯಾನ್ ಇರಲಿಲ್ಲ, ಆದರೆ ಕದಕ್ಕೆ ಒಳಗಿನಿಂದ ಚಿಲಕ ಇತ್ತು. ನಲ್ಲಿ ಹೊರಗಿತ್ತು, ಆದರೆ ನೀರು ಬರುತ್ತಿತ್ತು. ಇಂಥವನ್ನು ಎಣಿಸಿಕೊಂಡರೆ ಸಂಸಾರ ಹಗುರಾಗುತ್ತದೆ ಎಂದು ನನ್ನ ಅತ್ತೆ ಹೇಳುತ್ತಿದ್ದರು.

ಮಾಸ್ತರರು ಕೋಣೆಯ ಬಾಗಿಲಲ್ಲಿ ನಿಂತು ಶಿಸ್ತಿನ ಪಾಠ ಮಾಡಿದರು. ಫೋನ್ ಎಲ್ಲಾ ನನ್ನ ಕಡೆ ಕೊಡಬೇಕು. ಗಂಡುಹುಡುಗರ ತಂಡದ ಕಡೆ ತಿರುಗಿ ನೋಡಬಾರದು. ನಕ್ಕರೆ ಮನೆಗೆ ಕಳಿಸುತ್ತೇನೆ. ತಂಡದಿಂದ ತೆಗೆಯುತ್ತೇನೆ. ಮೈದಾನ ಹತ್ತು ಸುತ್ತು. ಹುಡುಗಿಯರು ತಲೆ ಆಡಿಸಿದರು. ಅವರು ಅತ್ತ ಹೋಗುತ್ತಲೇ ಒಬ್ಬಳು ಅವರ ಹಾಗೆಯೇ ಹೊಟ್ಟೆ ಮುಂದೆ ಮಾಡಿ, ಬೆರಳನ್ನು ಸೀಟಿಯಂತೆ ಬಾಯಿಗಿಟ್ಟು ನಿಂತಳು. ಉಳಿದವರು ಉರುಳಾಡಿ ನಕ್ಕರು. ನನಗೂ ನಗು ಬಂತು, ಸೆರಗು ಅಡ್ಡ ಹಿಡಿದೆ.

ಹನ್ನೆರಡು ಹುಡುಗಿಯರನ್ನು ಅಂಕೆಯಲ್ಲಿಡುವುದು ದೊಡ್ಡ ವಿದ್ಯೆಯಲ್ಲ. ಕೆಲಸ ಕೊಡಬೇಕು, ಹೊಟ್ಟೆಗೆ ಹಾಕಬೇಕು, ಬಾಗಿಲಿಗೆ ಅಡ್ಡ ಮಲಗಬೇಕು. ಒಬ್ಬಳಿಗೆ ಕಸ, ಒಬ್ಬಳಿಗೆ ನೀರು, ಇಬ್ಬರಿಗೆ ಹಾಸಿಗೆ ಎಂದು ಹಚ್ಚಿದೆ. ನನ್ನ ಚಾಪೆ ಹೊಸ್ತಿಲಿಗೆ ಒತ್ತಿ ಹಾಸಿದೆ. ಅವರವರ ಫೋನಿನಲ್ಲಿ ಮನೆಗೆ ಮಾತಾಡಿಸಿ, ಆಮೇಲೆ ಫೋನುಗಳನ್ನು ಮಾಸ್ತರರ ಕಡೆ ಕಳಿಸದೆ ನನ್ನ ದಿಂಬಿನ ಕೆಳಗೇ ಇಟ್ಟುಕೊಂಡೆ. ಯಾರೂ ತಕರಾರು ಮಾಡಲಿಲ್ಲ.

ಹೊಟೇಲಿನ ಊಟ ಮಾತ್ರ ನನ್ನ ಕೈಯಲ್ಲಿರಲಿಲ್ಲ. ಹೊಟೇಲಿನವ ತೆಲುಗು ಬೆರೆಸಿ ಮಾತಾಡುವ ಸಾಧು ಮನುಷ್ಯ. "ಫುಲ್ ಪ್ಲೇಟಾ, ಹಾಫಾ ಸಾರ್" ಎಂದು ಕೇಳಿದ. ಮಾಸ್ತರರು ಹುಡುಗಿಯರಿಗೆಲ್ಲ ಹಾಫ್ ಎಂದರು. ತಮಗೆ ಏನೂ ಹೇಳಲಿಲ್ಲ, ಹೇಳದಿದ್ದರೂ ಫುಲ್ ಬಂತು. ಮೇಲೆ ಆಮ್ಲೆಟ್ಟೂ ಬಂತು. ಸಾರಿನಲ್ಲಿ ಬೇಳೆ ಹುಡುಕುತ್ತಿದ್ದ ನನ್ನ ಮಗಳು, "ಅವ್ವಾ, ಬ್ಯಾಳಿ ಔಟ್ ಆಗ್ಯಾದ" ಎಂದಳು.

"ಹುಡುಗ್ಯಾರು ಹೆಚ್ಚು ಉಂಡ್ರ ಓಡಂಗಿಲ್ರಿ ಅಕ್ಕಾರ. ಇದು ಸ್ಪೋರ್ಟ್ಸ್ ಡಯಟ್" ಎಂದು ಮಾಸ್ತರರು ನನಗೆ ತಿಳಿಸಿ ಹೇಳಿದರು. ಅವರು ಓಡುವುದನ್ನು ನಾನು ಇವತ್ತಿನವರೆಗೆ ನೋಡಿಲ್ಲ. ಡಯಟ್ ತಪ್ಪಿದ್ದರಿಂದ ಇರಬೇಕು.

ಸೋಮವಾರ ಬೆಳಿಗ್ಗೆ ನಾನು ನಲ್ಲಿಯಲ್ಲಿ ಸ್ನಾನ ಮಾಡಿ, ಮೂಲೆಯಲ್ಲಿ ಕುಳಿತು ಲಿಂಗಪೂಜೆ ಮುಗಿಸಿದೆ. ನನಗೂ ಒಪ್ಪತ್ತು. ದಂಡೋತಿಯ ಹುಡುಗಿ ತಾನೂ ಪೂಜೆ ಮಾಡಿಕೊಂಡು, ಹಣೆಗೆ ವಿಭೂತಿ ಹಚ್ಚಿಕೊಂಡು, ಹೊಟ್ಟೆ ತುಂಬ ನೀರು ಕುಡಿದಳು. ಒಪ್ಪತ್ತು ಹಿಡಿದವರು ನಾವಿಬ್ಬರು ಮತ್ತು ಇನ್ನೂ ಮೂವರು ಹುಡುಗಿಯರು. ಉಳಿದವರು ನಾಷ್ಟಾದ ಸುಸಲಾ, ಅಂದರೆ ಒಗ್ಗರಣೆ ಹಾಕಿದ ಮಂಡಕ್ಕಿ, ಜೊತೆಗೆ ಮಿರ್ಚಿ ಭಜಿಯ ಕನಸಿನಲ್ಲಿ ತಲೆ ಬಾಚಿಕೊಳ್ಳುತ್ತಿದ್ದರು.

ಮಾಸ್ತರರು ಬಂದರು. ಮೀಸೆಯಲ್ಲಿ ಸುಸಲಾದ ಅರಿಶಿಣ ಇನ್ನೂ ಇತ್ತು.

"ಇವತ್ತು ಶ್ರಾವಣ ಸೋಮವಾರ ನೋಡ್ರಿ ಅಕ್ಕಾರ. ಹುಡುಗ್ಯಾರು ಒಪ್ಪತ್ತು ಇರ್ತಾರಂತ ಹೊಟೇಲಿನೋನಿಗೆ ನಾಷ್ಟಾನೂ ಬ್ಯಾಡ, ಮಧ್ಯಾಹ್ನದ ಊಟಾನೂ ಬ್ಯಾಡ ಅಂತ ಹೇಳಿಬಿಟ್ಟೀನಿ."

"ಎಲ್ಲಾರಿಗೂನಾ?"

"ದೇವರ ವಿಷಯದಾಗ ಭೇದಭಾವ ಮಾಡಬಾರದಲ್ರೀ."

ಬುರ್ಖಾದ ತಾಯಿಯ ಮಗಳು ಕೈ ಎತ್ತಿದಳು, ತರಗತಿಯಲ್ಲಿ ಎತ್ತುವ ಹಾಗೆ.

"ಸರ, ನಮ್ಮ ರೋಜಾ ರಂಜಾನದಾಗ ಇರ್ತಾವರಿ. ಇವತ್ತಲ್ಲ."

"ಟೀಮ್ ಅಂದ ಮ್ಯಾಲೆ ಟೀಮ್" ಎಂದರು ಮಾಸ್ತರರು. ಸೀಟಿ ಊದಿ ಮೈದಾನಕ್ಕೆ ಹೊರಟೇಬಿಟ್ಟರು.

ನಾನು ಎಷ್ಟೋ ಜಿಪುಣರನ್ನು ನೋಡಿದ್ದೇನೆ. ಚಹಾದ ಪುಡಿ ಎರಡು ಸಲ ಕುದಿಸುವವರನ್ನು ನೋಡಿದ್ದೇನೆ, ದೇವರ ದೀಪದ ಎಣ್ಣೆ ಮರಳಿ ಬಾಟಲಿಗೆ ಸುರಿಯುವವರನ್ನೂ ನೋಡಿದ್ದೇನೆ. ಮಕ್ಕಳ ಒಪ್ಪತ್ತನ್ನು ತನ್ನ ಉಳಿತಾಯಕ್ಕೆ ಹಿಡಿದವನನ್ನು ನೋಡಿದ್ದು ಇವರೊಬ್ಬರನ್ನೇ. ಉಪವಾಸ ಇವರ ಮನೆಯ ದೇವರಾಗಿದ್ದರೆ ಇವರ ಹೊಟ್ಟೆ ಸೀಟಿಗಿಂತ ಮುಂದೆ ಹೋಗುತ್ತಿರಲಿಲ್ಲ.

ಒಪ್ಪತ್ತು ಇಲ್ಲದವರಿಗೆ ನಾನು ಗೇಟಿನ ಹೊರಗಿನ ಬಂಡಿಯಲ್ಲಿ ಬಾಳೆಹಣ್ಣು ಕೊಂಡು ಹಂಚಿದೆ. ಅಷ್ಟರಲ್ಲಿ ಮೊದಲ ಆಟಕ್ಕೆ ಕರೆದರು. ನಮ್ಮವರು ಗೆದ್ದರು. ಗೆಲ್ಲಿಸಿದವಳು ದಂಡೋತಿಯವಳೇ. ಕಂಬದ ಹತ್ತಿರ ಅವಳು ನೆಲಕ್ಕೆ ಬಿದ್ದು ಕೈ ಚಾಚಿ ಎದುರು ತಂಡದವಳನ್ನು ಮುಟ್ಟಿದಾಗ, ಆಯ್ಕೆ ಮಾಡುವವರು ಕುರ್ಚಿಯಲ್ಲಿ ಮುಂದೆ ಬಾಗಿದ್ದನ್ನು ನನ್ನ ಕಣ್ಣಾರೆ ನೋಡಿದೆ. ಮುಂದಿನ ಆಟ ಮಧ್ಯಾಹ್ನದ ನಂತರ. ಅದನ್ನು ನೋಡಿ ಹೆಸರು ಹೇಳುತ್ತೇವೆ ಎಂದರು.

ಕೋಣೆಗೆ ಮರಳುವಾಗ ಆ ಹುಡುಗಿ ನಲ್ಲಿಯ ಕಟ್ಟೆಯ ಮೇಲೆ ಕೂತುಬಿಟ್ಟಳು. ತುಟಿ ಬಿಳಿಚಿಕೊಂಡಿತ್ತು. ಕೈ ಹಿಡಿದು ನೋಡಿದೆ, ತಣ್ಣಗಿತ್ತು.

"ಏಳು, ಒಂದೀಟು ಏನರ ತಿನ್ನು."

"ಬ್ಯಾಡ ಕಾಕಿ. ಅವ್ವನ ಬೇಡಿಕಿ ಅದ."

"ತಲಿ ತಿರಗಲಿಕತ್ತದಲ್ಲ. ಹಿಂಗ ಹೋದ್ರ ಮುಂದಿನ ಆಟದಾಗ ಬೀಳತಿ."

"ತಿಂದ್ರ ಬೇಡಿಕಿ ಮುರೀತದ, ನನ್ನ ಹೆಸರು ಬರಂಗಿಲ್ಲ."

"ತಿನ್ನಲಿಲ್ಲಂದ್ರ ಬರತದೇನು?"

ಅವಳು ಕಣ್ಣಲ್ಲಿ ನೀರು ತಂದಳು. ಅವಳಿಗೂ ಗೊತ್ತಿತ್ತು. ಯಾವ ಆಯ್ಕೆಗಾಗಿ ಒಪ್ಪತ್ತು ಹಿಡಿದಿದ್ದಳೋ ಆ ಆಯ್ಕೆಯನ್ನೇ ಒಪ್ಪತ್ತು ಕೈತಪ್ಪಿಸುವ ಹಾಗಿತ್ತು. ಬಾಯಿಗೆ ತುತ್ತು ತುರುಕಬಹುದಿತ್ತು, ನನ್ನ ಮಗಳಾಗಿದ್ದರೆ ತುರುಕುತ್ತಿದ್ದೆನೇನೋ. ಆದರೆ ಇನ್ನೊಬ್ಬ ತಾಯಿಯ ಹರಕೆ ಅದು. ಅದನ್ನು ಮುರಿಯಲು ನನಗೇನು ಅಧಿಕಾರ? ಮುರಿದ ಮೇಲೆ ಹೆಸರು ಬರದಿದ್ದರೆ ಆ ಹುಡುಗಿ ಆಯುಷ್ಯವಿಡೀ ನನ್ನ ಹೆಸರು ಹಿಡಿದು ಮರುಗುತ್ತಾಳೆ.

ನಲ್ಲಿಯ ಹತ್ತಿರ ನಿಂತೇ ಮನಸ್ಸಿನಲ್ಲಿ ಪರಮಾತ್ಮನನ್ನು ಕೇಳಿದೆ. ಉತ್ತರ ಬಂತು ಎಂದು ದೊಡ್ಡ ಮಾತು ಹೇಳುವುದಿಲ್ಲ. ಹಾಸಿಗೆಯ ಸುರುಳಿ ನೆನಪಾಯಿತು, ಅಷ್ಟೇ.

ಕೋಣೆಗೆ ಹೋಗಿ ಬುತ್ತಿ ಬಿಚ್ಚಿದೆ. ರೊಟ್ಟಿಗೆ ನೀರು ಚಿಮುಕಿಸಿ, ಬಟ್ಟೆಯಲ್ಲಿ ಸುತ್ತಿ ಮೆತ್ತಗಾಗಲು ಇಟ್ಟೆ. ಮಗಳನ್ನು ಓಡಿಸಿ ಮೊಸರು ತರಿಸಿದೆ. ಬುರ್ಖಾದ ತಾಯಿಯ ಮಗಳಿಗೆ ಒಂದು ಪಾಲು ಲಿಂಗಕ್ಕೆ ತೋರಿಸುವ ಮೊದಲೇ ಬೇರೆ ತೆಗೆದಿಟ್ಟೆ. ಆಮೇಲೆ ಕೈಕಾಲು ತೊಳೆದು, ಕಪ್ಪು ಹಲಗೆಯ ಕೆಳಗೆ ಕುಳಿತು, ಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡು ಎರಡನೆಯ ಸಲ ಪೂಜೆ ಮಾಡಿದೆ. ಹುಡುಗಿಯರ ಗದ್ದಲ ತಾನಾಗಿ ನಿಂತಿತು. ಸೀಟಿ ಇಲ್ಲದೆ ನಿಂತಿತು ಎಂಬುದನ್ನು ಇಲ್ಲಿ ಬರೆಯದೆ ಬಿಡಲಾರೆ. ರೊಟ್ಟಿ, ಹಿಂಡಿ, ಮೊಸರು ಎಲ್ಲವನ್ನೂ ಲಿಂಗಕ್ಕೆ ತೋರಿಸಿದೆ.

ಪೂಜೆ ಮುಗಿದ ಮೇಲೆ ದಂಡೋತಿಯವಳನ್ನು ಎದುರು ಕೂಡಿಸಿಕೊಂಡೆ.

"ಇನ್ನ ಇದು ಊಟ ಅಲ್ಲವ್ವಾ. ಪ್ರಸಾದ. ಊಟ ಬ್ಯಾಡ ಅನ್ನಬಹುದು. ಪ್ರಸಾದ ಬ್ಯಾಡ ಅಂದೋರನ್ನ ನಿಮ್ಮ ದಂಡೋತ್ಯಾಗ ನೋಡಿಯೇನು?"

ಅವಳು ಯೋಚನೆ ಮಾಡಿದಳು. ಜಾಣೆ, ಸುಲಭಕ್ಕೆ ಸಿಗುವವಳಲ್ಲ.

"ಪ್ರಸಾದ ಚೂರು ತಗೋತಾರ ಕಾಕಿ. ಹೊಟ್ಟಿ ತುಂಬ ತಗೊಳ್ಳಂಗಿಲ್ಲ."

"ನೀಡಿದಷ್ಟು ತಗೋಬೇಕು. ಬಿಟ್ಟು ಏಳಬಾರದು. ಖರೆ ಅದೋ ಇಲ್ಲೋ?"

"ಖರೆ ಅದ."

"ನೀಡಾಕಿ ಯಾರು?"

"ನೀವು."

"ಮತ್ತ ಕೈ ಒಡ್ಡು."

ಎರಡು ರೊಟ್ಟಿ ಮುರಿದು ಹಾಕಿದೆ. ಮೇಲೆ ಹಿಂಡಿ, ಮೊಸರು. ಅವಳು ಕಣ್ಣಿಗೆ ಒತ್ತಿಕೊಂಡು ಮೊದಲ ತುತ್ತು ಬಾಯಿಗಿಟ್ಟಳು. ಎರಡನೆಯದು ಬೇಗ ಹೋಯಿತು. ಮೂರನೆಯದರಿಂದ ಮುಂದೆ ನೋಡುವುದು ಬೇಕಾಗಲಿಲ್ಲ. ಉಳಿದವರೂ ಸಾಲಾಗಿ ಕೂತರು. ನಾನೂ ಒಂದು ಚೂರು ತೆಗೆದುಕೊಂಡೆ. ಬುರ್ಖಾದ ತಾಯಿಯ ಮಗಳು ತನ್ನ ಪಾಲು ತಿನ್ನುತ್ತ, "ಕಾಕಿ, ನಿಮ್ಮ ದೇವರಿಗೆ ನಂದೂ ಒಂದು ಸಲಾಂ ಹೇಳ್ರಿ, ಹಿಂಡಿ ಭಾಳ ಛಲೋ ಆಗ್ಯಾದ" ಎಂದಳು.

ಹುರಿದ ಶೇಂಗಾದ ವಾಸನೆ ದೂರ ಹೋಗುತ್ತದೆ. ಅದರ ಹಿಂದೆಯೇ ಮಾಸ್ತರರು ಬಂದು ಬಾಗಿಲಲ್ಲಿ ನಿಂತರು. ಹೊಟೇಲಿನಲ್ಲಿ ತಾವೊಬ್ಬರೇ ಉಂಡು ಬಂದಿದ್ದರು.

"ಏನ್ರಿ ಅಕ್ಕಾರ, ಒಪ್ಪತ್ತು ಬಿಡಿಸಿಬಿಟ್ರಿ? ಬುತ್ತಿ ತರಬ್ಯಾಡ್ರಿ ಅಂತ ಹೇಳಿದ್ದೆನಲ್ಲ."

"ಬುತ್ತಿ ಎಲ್ಲದರಿ? ಇದು ಪ್ರಸಾದ."

"ಓ, ಪ್ರಸಾದ" ಎಂದವರೇ ಬಲಗೈ ಕೆಳಗೆ ಎಡಗೈ ಇಟ್ಟು ನನ್ನ ಎದುರು ಒಡ್ಡಿದರು.

ಆ ಕೈಗೆ ಏನೂ ಹಾಕಬಾರದು ಎಂದು ನನ್ನ ಜೀವ ಒದ್ದಾಡಿತು. ಆದರೆ ಪ್ರಸಾದ ಕೇಳಿದವನಿಗೆ ಇಲ್ಲ ಎನ್ನಬಾರದು. ಹುಡುಗಿಗೆ ಹೇಳಿದ ನಿಯಮ ನನಗೂ ಒಂದೇ. ರೊಟ್ಟಿಯ ಅಂಚಿನ, ಒಲೆಯಲ್ಲಿ ಸ್ವಲ್ಪ ಕರಿಯಾಗಿದ್ದ ಚೂರೊಂದನ್ನು ಹುಡುಕಿ ಹಾಕಿದೆ. ನಿಯಮದಲ್ಲಿ ಅಳತೆ ಹೇಳಿಲ್ಲ.

"ಪ್ರಸಾದ ತಗೊಂಡ ಮ್ಯಾಲೆ ದಾಸೋಹ ನಿಮ್ಮ ಕಡೆ ಬರತದ ಸರ. ಸಂಜೀಗಿ ಎಲ್ಲಾರಿಗೂ ಫುಲ್ ಪ್ಲೇಟ್ ಹೇಳ್ರಿ. ಹೋಳಿಗಿನೂ ಇರಲಿ" ಎಂದೆ. ಹನ್ನೆರಡು ಹುಡುಗಿಯರು ತುತ್ತು ಹಿಡಿದ ಕೈ ನಿಲ್ಲಿಸಿ ಅವರ ಮುಖ ನೋಡಿದರು. ಅವರು ಚೂರು ಅಗಿಯುತ್ತ, ನೋಡೋಣ ನೋಡೋಣ ಎನ್ನುತ್ತ ಹಿಂದೆ ಸರಿದರು. ಆ ಹೊತ್ತಿನಲ್ಲಿ ಸೀಟಿ ಊದಲಿಲ್ಲ. ಬಾಯಿ ತುಂಬಿತ್ತಲ್ಲ.

ಎರಡನೆಯ ಆಟ ನಮ್ಮವರು ಸೋತರು. ಎದುರಿನವರು ಬಲವಾಗಿದ್ದರು, ಅದರಲ್ಲಿ ದೇವರದೂ ತಪ್ಪಿಲ್ಲ, ರೊಟ್ಟಿಯದೂ ತಪ್ಪಿಲ್ಲ. ಆದರೆ ದಂಡೋತಿಯವಳು ಬೀಳಲಿಲ್ಲ. ಕೊನೆಯ ತನಕ ಓಡಿದಳು. ಎಲ್ಲರೂ ಔಟಾದ ಮೇಲೂ ಅವಳೊಬ್ಬಳೇ ಕಂಬದಿಂದ ಕಂಬಕ್ಕೆ ಸುತ್ತುತ್ತ ಎದುರು ತಂಡವನ್ನು ಹೈರಾಣ ಮಾಡಿದಳು. ನನ್ನ ಕೈಯಲ್ಲಿ ಅವಳ ವಿಭೂತಿಯ ಗಟ್ಟಿ ಇತ್ತು, ಬೀಳುತ್ತದೆಂದು ನನಗೆ ಕೊಟ್ಟು ಹೋಗಿದ್ದಳು. ಹಿಡಿದು ಹಿಡಿದು ಅರ್ಧ ಪುಡಿಯಾಯಿತು.

ಸಂಜೆಗೆ ಮೈಕಿನಲ್ಲಿ ವಿಭಾಗದ ತಂಡದ ಹೆಸರುಗಳನ್ನು ಕೂಗಿದರು. ಒಂದೊಂದೇ ಹೆಸರು ಬಂದು ಮುಗಿಯಿತು. ಅವಳದು ಬರಲಿಲ್ಲ. ಅವಳು ನನ್ನ ಮುಖ ನೋಡಿದಳು. ಆ ನೋಟದಲ್ಲಿ ಎರಡು ರೊಟ್ಟಿಯೂ ಇದ್ದವು, ಮೊಸರೂ ಇತ್ತು. ನಾನು ನೆಲ ನೋಡಿದೆ. ಆಗ ಮೈಕಿನವ ಕೆಮ್ಮಿ, ಎಕ್ಸ್‌ಟ್ರಾ ಆಟಗಾರರು ಎಂದ. ಮೊದಲ ಹೆಸರೇ ಅವಳದು. ಎಕ್ಸ್‌ಟ್ರಾ ಆದವರಿಗೂ ಹಾಸ್ಟೆಲಿನಲ್ಲಿ ಜಾಗ ಉಂಟು ಎಂದು ಆಯ್ಕೆಯವರೇ ಕರೆದು ಹೇಳಿದರು. ಹುಡುಗಿ ಅಲ್ಲೇ ಮಣ್ಣಿನಲ್ಲಿ ಕುಳಿತು ಅತ್ತಳು. ಉಳಿದವರು ಸುತ್ತ ಕುಳಿತು, ನಗಬೇಕೋ ಅಳಬೇಕೋ ತಿಳಿಯದೆ ಅವಳ ಜಡೆ ಬಿಚ್ಚಿ ಮತ್ತೆ ಹೆಣೆದರು.

ಆ ಸಂಜೆ ಫುಲ್ ಪ್ಲೇಟ್ ಬಂತು. ಹೋಳಿಗೆ ಬರಲಿಲ್ಲ. ಮಾಸ್ತರರು ದೂರದ ಮೇಜಿಗೆ ಕೂತು, ನಮ್ಮ ಒಂದೊಂದು ತುತ್ತನ್ನೂ ಸ್ವಂತ ಮೈಯಿಂದ ಕೊಯ್ದು ಕೊಟ್ಟವರ ಹಾಗೆ ನೋಡುತ್ತಿದ್ದರು. ನಾನು ಪೂಜೆ ಮುಗಿಸಿ ಬಂದು ಹೊಟ್ಟೆ ತುಂಬ ಉಂಡೆ. ಅನ್ನ ಬಿಸಿಯಾಗಿತ್ತು.

ಮಂಗಳವಾರ ಸೊನ್ನೆಯ ಟಿಕೆಟಿನಲ್ಲೇ ಮರಳಿದೆವು. ಚಿತ್ತಾಪುರದ ಬಸ್ ಸ್ಟ್ಯಾಂಡಿನಲ್ಲಿ ದಂಡೋತಿಯ ತಾಯಿ ಕಾಯುತ್ತ ನಿಂತಿದ್ದಳು. ಸುದ್ದಿ ಫೋನಿನಲ್ಲಿ ಗೊತ್ತಾಗಿತ್ತು. ಮಗಳ ಗಲ್ಲ ಹಿಡಿದು ದೃಷ್ಟಿ ತೆಗೆದಳು. ದಾರಿಯುದ್ದಕ್ಕೂ ನನಗೆ ಇದೇ ಚಿಂತೆ. ಅವಳ ಹರಕೆಯಲ್ಲಿ ಕೈ ಹಾಕಿದವಳು ನಾನು, ಬೇರೆಯವರ ಬಾಯಿಂದ ತಿಳಿಯುವುದಕ್ಕಿಂತ ನನ್ನ ಬಾಯಿಂದಲೇ ತಿಳಿಯಲಿ ಎಂದು, ನಲ್ಲಿಯ ಕಟ್ಟೆಯಿಂದ ಹಿಡಿದು ಪ್ರಸಾದದ ತನಕ ಎಲ್ಲವನ್ನೂ ಹೇಳಿದೆ.

ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಕೇಳಿಸಿಕೊಂಡಳು. ದಂಡೋತಿಯ ಬಸ್ಸು ಬಂದು ನಿಂತಿತು.

"ಎಷ್ಟು ರೊಟ್ಟಿ ನೀಡಿದ್ರಿ ಅಕ್ಕಾ?"

"ಎರಡು."

"ನೋಡ್ರಿ ಮತ್ತ" ಎಂದಳು, ಬಸ್ಸಿನ ಮೆಟ್ಟಿಲು ಹತ್ತುತ್ತ. "ಇನ್ನೊಂದು ನೀಡಿದ್ರ ಮೇನ್ ಟೀಮಿಗೇ ಬರತಿದ್ದಳು."